ಉದ್ಧಾರ ಮತ್ತು ಉದ್ರಿ

ಬೀದರಿನ ಹಳೆಯ ಪೇಟೆಯಲ್ಲಿ, ಚೌಬಾರಾದಿಂದ ನಾಲ್ಕು ಹೆಜ್ಜೆಯಲ್ಲಿರುವ ಒಂದು ಕಿರಾಣಿ ಅಂಗಡಿಯ ಗೋಡೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂದು ಬರೆದ ಹಲಗೆ ತೂಗುತ್ತಿದೆ. ನಾಳೆ ಎಂಬುದು ಯಾವ ದಿನವೂ ಬರುವುದಿಲ್ಲವಾದ್ದರಿಂದ ಅಂಗಡಿಯವನು ಉದ್ರಿ ಕೊಡುವುದೂ ಇಲ್ಲ, ಕೊಡುವುದಿಲ್ಲವೆಂದು ಹೇಳಿ ಗಿರಾಕಿಯ ಮನಸ್ಸನ್ನು ನೋಯಿಸುವುದೂ ಇಲ್ಲ. ಹಲಗೆ ಹಾಗೆ ಹೇಳಿದರೂ ಅವನ ಗಲ್ಲೆಯ ಪಕ್ಕದಲ್ಲಿ ಕೆಂಪು ಬಟ್ಟೆಯ ಉದ್ದನೆಯ ವಹಿಯೊಂದು ಇದ್ದೇ ಇದೆ. ಓಣಿಯ ಅರ್ಧ ಜನರ ಹೆಸರು ಅದರಲ್ಲಿವೆ. ನನ್ನದೂ ಒಮ್ಮೊಮ್ಮೆ ಇರುತ್ತದೆ.

ಕನ್ನಡ ಕಲಿಸಿ ಹೊಟ್ಟೆ ಹೊರೆಯುವವನಿಗೆ ಶಬ್ದಗಳ ಬೇರು ಕೆದಕುವ ಚಟ ಬಿಡುವುದಿಲ್ಲ. ಉದ್ರಿ ಎಂಬ ಈ ಮಾತು ಎಲ್ಲಿಂದ ಬಂದಿತು? ನೋಡಿದರೆ ಅದು ನಮ್ಮ ಘನವಾದ ‘ಉದ್ಧಾರ’ದ ಮನೆಯ ಕೂಸು. ಹಿಂದಿಯ ಉಧಾರವೂ ಅದೇ, ನಮ್ಮ ಉದ್ರಿಯೂ ಅದೇ. ಸಂಸ್ಕೃತದ ಕೋಶಗಳಲ್ಲಿ ಉದ್ಧಾರಕ್ಕೆ ಮೇಲೆತ್ತುವುದು ಎಂಬ ಅರ್ಥದ ಜೊತೆಗೇ ಸಾಲ, ಅದರಲ್ಲಿಯೂ ಬಡ್ಡಿಯಿಲ್ಲದ ಸಾಲ, ಎಂಬ ಅರ್ಥವೂ ಇದೆ. ಒಂದೇ ಮಾತು ಒಂದು ಕಡೆ ಸಭೆಯ ವೇದಿಕೆ ಹತ್ತಿತು, ಇನ್ನೊಂದು ಕಡೆ ಕಿರಾಣಿ ಅಂಗಡಿಯ ವಹಿಯೊಳಗೆ ಹೊಕ್ಕಿತು. ಇದೊಂದು ಶಬ್ದದ ಆಟವೆಂದು ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಕೆಲವು ವರ್ಷಗಳ ಹಿಂದೆ ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ ನನಗಾದ ಒಂದು ಅನುಭವದಿಂದ, ಈ ಎರಡು ಮಾತು ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲವೇನೋ ಎಂಬ ಸಂಶಯ ಹತ್ತಿಕೊಂಡಿದೆ. ಆ ಸಂಶಯವನ್ನೇ ವಾಚಕರ ಮುಂದಿಡಬೇಕೆಂದಿದ್ದೇನೆ.

ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರಕ್ಕೆಂದು ಹುಡುಗ ಹುಡುಗಿಯರನ್ನು ಕರೆದುಕೊಂಡು ನಾನು ಆ ಹಳ್ಳಿಗೆ ಹೋಗಿದ್ದೆ. ಓಣಿ ಗುಡಿಸಿದೆವು, ಶಾಲೆಗೆ ಸುಣ್ಣ ಬಳಿದೆವು, ಸಂಜೆ ನಾಟಕ ಆಡಿದೆವು. ಎಲ್ಲಕ್ಕಿಂತ ಹೆಚ್ಚಾಗಿ, ಬಚ್ಚಲ ನೀರು ಓಣಿಯಲ್ಲಿ ಹರಿಯಬಾರದೆಂದು ಮನೆಗಳ ಹಿಂದೆ ಹನ್ನೊಂದು ಇಂಗುಗುಂಡಿ ತೋಡಿದೆವು. ಹುಡುಗರ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಕೊನೆಯ ದಿನ ಊರಿನ ಹಿರಿಯರು ಹಾರ ಹಾಕಿದರು. ನಾನು ಗ್ರಾಮೋದ್ಧಾರದ ಮೇಲೆ ಅರ್ಧ ತಾಸು ಮಾತನಾಡಿದೆ. ಭಾಷಣ ಚೆನ್ನಾಗಿತ್ತೆಂದು ನನಗೇ ಅನ್ನಿಸಿತ್ತು.

ಮರುವರ್ಷ ಅದೇ ಹಾದಿಯಲ್ಲಿ ಹೋಗುವಾಗ ಊರೊಳಗೆ ಇಳಿದು ನೋಡಿದೆ. ಹನ್ನೊಂದರಲ್ಲಿ ಒಂದು ಗುಂಡಿ ಮಾತ್ರ ಉಳಿದಿತ್ತು. ಮಿಕ್ಕವು ಕಸ, ಬೂದಿ, ಹರಕು ಚಪ್ಪಲಿಗಳಿಂದ ತುಂಬಿ ನೆಲಕ್ಕೆ ಸಮನಾಗಿದ್ದವು. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬಳು ನನ್ನ ಗುರುತು ಹಿಡಿದಳು.

“ಆಯಿ, ಕುಣಿ ಎಲ್ಲಾ ಮುಚ್ಚಿ ಹೋಗ್ಯಾವಲ್ಲ?” ಎಂದೆ.

“ಹೌದು ತಮ್ಮಾ. ಆ ಕುಣಿ ಯಾರ್ದು?”

“ನಿಮ್ದೇ ಅಲ್ಲೇನು? ನಿಮ್ಮ ಊರಾಗೇ ತೋಡೀವಿ.”

“ನಮ್ದು ಅಂತ ನಮಗ್ಯಾರೂ ಹೇಳ್ಲಿಲ್ಲ. ಕಾಲೇಜಿನವ್ರು ತೋಡ್ಯಾರ, ಕಾಲೇಜಿನವ್ರದೇ ಇರಬೇಕು ಅಂತ ನಾವು ಕೈ ಹಚ್ಚಲಿಲ್ಲ.”

ಆಕೆಯ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲ. ಉಳಿದ ಒಂದು ಗುಂಡಿ ಯಾರ ಮನೆಯದೆಂದು ವಿಚಾರಿಸಿದೆ. ಶಿಬಿರದ ದಿನ ನಮ್ಮ ಹುಡುಗರ ಜೊತೆ ಜಗಳವಾಡಿ, ‘ಇಲ್ಲಿ ಬೇಡ, ಅಲ್ಲಿ ತೋಡಿರಿ’ ಎಂದು ಜಾಗ ಬದಲಿಸಿ, ತಾನೂ ಗುದ್ದಲಿ ಹಿಡಿದು ನಿಂತ ಒಬ್ಬ ಹೆಣ್ಣುಮಗಳ ಮನೆಯದು. ಆಕೆ ಬಹಳ ಹಟಮಾರಿ ಎಂದು ಹುಡುಗರು ಆಗ ನನ್ನ ಮುಂದೆ ದೂರಿದ್ದರು.

ನಮ್ಮ ಶಿಬಿರದ ಕಥೆ ಸಣ್ಣದು. ಆದರೆ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆದದ್ದೂ ಉಂಟು. 1952ರ ಅಕ್ಟೋಬರ್ 2ರಂದು, ಗಾಂಧೀಜಯಂತಿಯ ದಿನ, ನಮ್ಮ ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ 55 ಕಡೆಗಳಲ್ಲಿ ಪ್ರಾರಂಭವಾಯಿತು. ಅದರ ಹಿಂದಿದ್ದ ಉದ್ದೇಶದ ಶುದ್ಧತೆಯನ್ನು ಯಾರೂ ಶಂಕಿಸಲಾರರು. ಬಾವಿ, ರಸ್ತೆ, ಬೀಜ, ಗೊಬ್ಬರ, ಗ್ರಾಮಸೇವಕ, ಎಲ್ಲವೂ ಹಳ್ಳಿಗೆ ಬಂದವು. ಐದು ವರ್ಷಗಳ ತರುವಾಯ, 1957ರಲ್ಲಿ, ಬಲವಂತರಾಯ ಮೆಹತಾ ಸಮಿತಿ ಇದನ್ನೆಲ್ಲ ಪರಿಶೀಲಿಸಿ ವರದಿ ಒಪ್ಪಿಸಿದಾಗ ಕಂಡ ಮುಖ್ಯ ಕೊರತೆ ಹಣದ್ದಲ್ಲ. ಊರಿನವರು ಮುಂದೆ ಬಂದು ಇದು ನಮ್ಮದೆಂದು ಕೈಹಾಕಲಿಲ್ಲ ಎಂಬುದೇ ಆ ಕೊರತೆ. ಆ ವರದಿಯಿಂದ ಪಂಚಾಯತಿಯ ಮೂರು ಹಂತಗಳು ಹುಟ್ಟಿದವು. ಅಧಿಕಾರವನ್ನು ಕೆಳಗೆ ಇಳಿಸಿದರೆ ‘ನಮ್ಮದು’ ಎಂಬ ಭಾವ ತಾನೇ ಬರುವುದೆಂದು ಆಗ ನಂಬಿದ್ದರು. ಸ್ವಲ್ಪ ಬಂದಿತು, ಸ್ವಲ್ಪ ಬರಲಿಲ್ಲ. ಅದು ಬೇರೆ ವಿಷಯ.

ನನಗೆ ಬೇಕಾದದ್ದು ಇದಕ್ಕಿಂತ ಹಿಂದಿನ ಪ್ರಶ್ನೆ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ನೆರವಾದಾಗ ಅವರಿಬ್ಬರ ನಡುವೆ ಏನು ಉಂಟಾಗುತ್ತದೆ? ಮೇಲೆತ್ತುವುದಕ್ಕೆ ಒಬ್ಬ ಮೇಲಿರಬೇಕು, ಒಬ್ಬ ಕೆಳಗಿರಬೇಕು. ಎತ್ತಿಸಿಕೊಂಡವನು ಎದ್ದು ನಿಂತ ಮೇಲೆಯೂ ಕೆಳಗಿದ್ದ ನೆನಪನ್ನು ಹೊತ್ತೇ ನಡೆಯಬೇಕು. ಉದ್ರಿಗೆ ವಹಿ ಇದೆ. ಹಣ ಕೊಟ್ಟರೆ ಗೆರೆ ಹೊಡೆದು ಹೆಸರು ತೆಗೆಯುತ್ತಾರೆ. ಉದ್ಧಾರಕ್ಕೆ ವಹಿಯಿಲ್ಲ, ಆದ್ದರಿಂದ ಆ ಲೆಕ್ಕ ಎಂದೂ ತೀರುವುದಿಲ್ಲ. ಬಹಳವಾದರೆ ಕಟ್ಟಡದ ಬಾಗಿಲಲ್ಲಿ ಒಂದು ಅಮೃತಶಿಲೆಯ ಹಲಗೆ ಇರುತ್ತದೆ, ಯಾರ ಅಮೃತಹಸ್ತದಿಂದ ಏನಾಯಿತೆಂದು ತಿಳಿಸುವುದಕ್ಕೆ. ನಮ್ಮ ಜನರು ‘ಬಂದ್ರಪ್ಪಾ ಉದ್ಧಾರ ಮಾಡೋರು’ ಎಂದು ಮೂಗು ಮುರಿಯುವುದರಲ್ಲಿ ಕೃತಘ್ನತೆ ಇದೆಯೆಂದು ನಾನು ಬಹಳ ದಿನ ತಿಳಿದಿದ್ದೆ. ಈಗ ಅದರಲ್ಲಿ ಒಂದು ಸ್ವಾಭಿಮಾನ ಕಾಣುತ್ತದೆ.

ಇವೆರಡರ ಹೊರತಾಗಿ ಮೂರನೆಯದೊಂದು ಮಾತು ನಮ್ಮಲ್ಲಿದೆ. ಅದು ಅಚ್ಚಗನ್ನಡದ್ದು: ಮುಯ್ಯಿ. ಇವತ್ತು ನನ್ನ ಹೊಲದ ಕಳೆಗೆ ನಾಲ್ಕು ಮನೆಯವರು ಬಂದರೆ, ನಾಳೆ ನಾನು ಅವರ ಹೊಲಕ್ಕೆ ಹೋಗಬೇಕು. ಅದು ಮುಯ್ಯಾಳು. ನನ್ನ ಮಗಳ ಲಗ್ನಕ್ಕೆ ನೀವು ಪಾತ್ರೆ ತಂದರೆ, ನಿಮ್ಮ ಮಗನ ಲಗ್ನಕ್ಕೆ ನಾನು ಪಾತ್ರೆ ತರಬೇಕು. ಅದು ಲಗ್ನದ ಮುಯ್ಯಿ. (ಹಗೆ ತೀರಿಸಿಕೊಳ್ಳುವುದಕ್ಕೂ ನಮ್ಮವರು ಇದೇ ಮಾತನ್ನು ಬಳಸುತ್ತಾರೆ, ಲೆಕ್ಕ ಎರಡೂ ಕಡೆ ಒಂದೇ ತಾನೆ?) ಮುಯ್ಯಿಗೆ ವಹಿ ಬೇಕಿಲ್ಲ, ನೆನಪು ಸಾಕು. ಇಂದು ಕೊಟ್ಟವನು ನಾಳೆ ಪಡೆಯುವವನು. ಹೀಗೆ ಸರದಿ ತಿರುಗುತ್ತಿರುವವರೆಗೆ ಯಾರೂ ಕಾಯಮ್ಮಾಗಿ ಮೇಲೆ ನಿಲ್ಲುವುದಿಲ್ಲ, ಯಾರೂ ಕಾಯಮ್ಮಾಗಿ ಕೆಳಗೆ ಉಳಿಯುವುದಿಲ್ಲ. ಊರೊಳಗಿನ ಸಣ್ಣ ಸಣ್ಣ ಗುಂಪುಗಳು, ಅವಕ್ಕೆ ಸಂಘವೆನ್ನಿ, ಮಂಡಳವೆನ್ನಿ, ಬದುಕುವುದು ಈ ಮುಯ್ಯಿಯ ಬಲದಿಂದ ಎಂದು ನನ್ನ ತಿಳಿವಳಿಕೆ. ಅವು ಕೆಡುವುದು ಒಳಗಿನ ಮುಯ್ಯಿ ಕರಗಿ ಉದ್ಧಾರವೋ ಉದ್ರಿಯೋ ಆದಾಗ.

ಹಾಗಾದರೆ ಹೊರಗಿನಿಂದ ಬಂದು, ತನಗಿಂತ ದುರ್ಬಲರಿಗೆ ಏನಾದರೂ ಮಾಡಬೇಕೆನ್ನುವವನಿಗೆ ದಾರಿಯೇ ಇಲ್ಲವೆ? ಇದಕ್ಕೆ ಉತ್ತರ ಹುಡುಕುವಾಗ ನಮ್ಮ ಸೀಮೆಯವರಿಗೆ ಭಾಲ್ಕಿಯ ನೆನಪಾಗದೆ ಇರದು.

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು ಕಮಲನಗರದಲ್ಲಿ. ಅದು ಬಹುಕಾಲ ಔರಾದ ತಾಲೂಕಿನಲ್ಲಿದ್ದು ಈಚೆಗೆ ತಾನೇ ಒಂದು ತಾಲೂಕಾಗಿದೆ. ನೂರು ವರ್ಷ ದಾಟಿ ಬಾಳಿ 1999ರಲ್ಲಿ ಅವರು ಲಿಂಗೈಕ್ಯರಾದರು. ಅವರು ಶಾಲೆಗಳನ್ನು ಕಟ್ಟಹೊರಟದ್ದು ನಿಜಾಮರ ಆಳ್ವಿಕೆಯಲ್ಲಿ. ಕಲಿಕೆಯ ಭಾಷೆ ಉರ್ದು; ಖಾಸಗಿಯಾಗಿ ಶಾಲೆ ತೆರೆಯುವುದಕ್ಕೂ ಸರಕಾರದ ಅಪ್ಪಣೆ ಬೇಕು. ಹೊರಗೆ ಉರ್ದು ಶಾಲೆಯೆಂದು ಹಲಗೆ ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬ ಮಾತನ್ನು ಬೀದರ ಜಿಲ್ಲೆಯ ಮಕ್ಕಳು ಇವತ್ತಿಗೂ ಭಾಷಣಸ್ಪರ್ಧೆಗಳಲ್ಲಿ ಹೇಳುತ್ತಾರೆ. ಕನ್ನಡದ ಅಭಿಮಾನಕ್ಕೆ ಅದು ಒಪ್ಪುವ ಕಥೆ, ಹೇಳಲಿ. ಆದರೆ ನನ್ನ ಗಮನವನ್ನು ಹೆಚ್ಚು ಸೆಳೆಯುವುದು ಹಲಗೆಯಲ್ಲ, ಜೋಳಿಗೆ. ಶಾಲೆಗೂ ಪ್ರಸಾದನಿಲಯಕ್ಕೂ ಬೇಕಾದದ್ದನ್ನು ಅವರು ಮನೆಮನೆಗೆ ಹೋಗಿ ಬೇಡಿ ತಂದರು.

ಇದರ ಸೂಕ್ಷ್ಮವನ್ನು ನೋಡಬೇಕು. ಊರಿಗೆ ಉಪಕಾರ ಮಾಡಬೇಕೆಂದು ಹೊರಟವರು ಊರಿನ ಮುಂದೆ ಕೈಯೊಡ್ಡಿ ನಿಂತರು. ಒಂದು ಸೇರು ಜೋಳ ಹಾಕಿದ ರೈತನ ಹೆಂಡತಿ ಆ ಕ್ಷಣಕ್ಕೆ ಕೊಡುವವಳಾದಳು, ಮಠಾಧಿಪತಿ ಪಡೆಯುವವರಾದರು. ನಾಳೆ ಅವಳ ಮಗ ಆ ಶಾಲೆಯಲ್ಲಿ ಕಲಿತರೆ ಅದು ಯಾರ ಕೃಪೆಯೂ ಅಲ್ಲ; ಹಾಕಿದ ಜೋಳದ ಮುಯ್ಯಿ. ‘ನಮ್ಮ ಸಾಲಿ’ ಎಂದು ಅವಳು ಹೇಳಿದರೆ ಅದರಲ್ಲಿ ಸುಳ್ಳಿಲ್ಲ. ಜೋಳಿಗೆಯೆಂದರೆ ಹಣ ಕೂಡಿಸುವ ಉಪಾಯವೆಂದು ನಾವು ತಿಳಿಯುತ್ತೇವೆ. ದೊಡ್ಡ ದಾನಿಯೊಬ್ಬ ಸಿಕ್ಕರೆ ಜೋಳಿಗೆಯ ತೊಂದರೆ ತಪ್ಪಿತೆಂದುಕೊಳ್ಳುತ್ತೇವೆ. ಆ ತೊಂದರೆಯೇ ಶಾಲೆಯ ಅಡಿಗಲ್ಲಾಗಿತ್ತು. 1956ರಲ್ಲಿ ಹಳೆಯ ಬೀದರ ಜಿಲ್ಲೆಯನ್ನು ಒಡೆದು ಉದಗೀರ, ನಿಲಂಗಾ, ಅಹಮದಪುರಗಳನ್ನು ಮುಂಬಯಿಗೂ, ಜಹೀರಾಬಾದ, ನಾರಾಯಣಖೇಡಗಳನ್ನು ಆಂಧ್ರಕ್ಕೂ ಕೊಟ್ಟು ಉಳಿದದ್ದನ್ನು ಮೈಸೂರಿಗೆ ಸೇರಿಸಿದಾಗ, ಈ ಗಡಿಯ ಮೂಲೆಯಲ್ಲಿ ಕನ್ನಡ ಅಕ್ಷರ ಬಲ್ಲವರು ಇದ್ದರೆಂದರೆ ಅದಕ್ಕೆ ಅಂಥ ಸೇರು ಸೇರು ಜೋಳವೂ ಕಾರಣ. ನಮ್ಮ ಹನ್ನೊಂದು ಇಂಗುಗುಂಡಿಗಳಿಗೆ ಯಾರ ಮನೆಯಿಂದಲೂ ಒಂದು ಬುಟ್ಟಿ ಕಲ್ಲನ್ನು ಕೂಡ ನಾವು ಕೇಳಿರಲಿಲ್ಲ. ಕೇಳಿದರೆ ಬಡವರಿಗೆ ತೊಂದರೆಯಾದೀತೆಂಬ ದಯೆ ನಮಗೆ.

ನಾಲ್ಕು ಜನ ಕೂಡಿ ಹಣದ ವ್ಯವಹಾರ ಮಾಡುವ ಪದ್ಧತಿ ಕನ್ನಡನಾಡಿಗೆ ಹೊಸದೇನೂ ಅಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಆದರೆ ಸಂಘಗಳು ಬೆಳೆದಂತೆ ಅವುಗಳ ಬಾಗಿಲು ಬಡವರ ಮಟ್ಟಿಗೆ ಎತ್ತರವಾಯಿತು. 1980ರ ದಶಕದಲ್ಲಿ ಮೈರಾಡ ಸಂಸ್ಥೆಯವರು ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡುವಾಗ ಒಂದು ಸಂಗತಿ ಕಂಡರು. ದೊಡ್ಡ ಸಹಕಾರ ಸಂಘಗಳು ಒಡೆದುಹೋದ ಕಡೆ, ಒಬ್ಬರನ್ನೊಬ್ಬರು ನಂಬುವ ಹತ್ತು ಹದಿನೈದು ಜನ ತಾವಾಗಿಯೇ ಕೂಡಿಕೊಂಡು, ತಮ್ಮ ಪಾಲಿನ ಸಾಲ ತೀರಿಸುವುದಕ್ಕೆ ಮುಂದಾಗುತ್ತಿದ್ದರು. ಇವರನ್ನು ಯಾರೂ ಆರಿಸಿರಲಿಲ್ಲ, ಒಲವು ಕೂಡಿಸಿತ್ತು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಪ್ರಾರಂಭಿಸಿದ್ದು ಇಂಥ ಗುಂಪುಗಳ ಅನುಭವದ ಮೇಲೆ. ಗುಂಪಿಗೆ ಇಪ್ಪತ್ತು ಜನ ಮೀರಬಾರದೆಂಬ ನಿಯಮವನ್ನು ಕೇಳಿ ನಾನು ಇದರಲ್ಲಿ ಏನೋ ಸಮಾಜಶಾಸ್ತ್ರದ ತತ್ತ್ವವಿರಬೇಕೆಂದುಕೊಂಡಿದ್ದೆ. ಹಾಗಲ್ಲ; ಇಪ್ಪತ್ತಕ್ಕೆ ಮೇಲಾದರೆ ಅಂದಿನ ಕಂಪನಿ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಬೇಕಾಗುತ್ತಿತ್ತು, ಅಷ್ಟೆ. ಆದರೂ ಒಬ್ಬರ ಮನೆಯ ಒಲೆ ಇನ್ನೊಬ್ಬರಿಗೆ ಗೊತ್ತಿರುವುದಕ್ಕೆ ಇಪ್ಪತ್ತು ಸರಿಯಾದ ಸಂಖ್ಯೆಯೇ.

ನಮ್ಮ ಬೀದರ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು ಹಳ್ಳಿಯ ಪ್ರಾಥಮಿಕ ಸಹಕಾರ ಸಂಘಗಳ ಮೂಲಕ ಇಂಥ ಗುಂಪುಗಳನ್ನು ಕಟ್ಟುವುದಕ್ಕೆ ಕೈಹಾಕಿದ್ದು ದೇಶದ ಸಹಕಾರಿ ಬ್ಯಾಂಕುಗಳಲ್ಲಿ ಮೊದಮೊದಲ ಪ್ರಯತ್ನಗಳಲ್ಲಿ ಒಂದು. ಹಿಂದುಳಿದ ಜಿಲ್ಲೆ ಎಂದು ಹಣೆಪಟ್ಟಿ ಹಚ್ಚಿಸಿಕೊಂಡೇ ಬದುಕುವವರು ನಾವು. 2002ರ ನಂಜುಂಡಪ್ಪ ಸಮಿತಿಯ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವೇ. ಅಂಥ ಕಡೆ ಇದೊಂದರಲ್ಲಿ ನಾವು ಇನ್ನೊಬ್ಬರಿಗೆ ಹೇಳಿಕೊಡುವ ಸ್ಥಾನದಲ್ಲಿದ್ದೆವು.

ಭಾಲ್ಕಿ ತಾಲೂಕಿನ ಒಂದು ಊರಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಇಂಥ ಒಂದು ಗುಂಪಿನಲ್ಲಿದ್ದಾಳೆ. ಅವನ ಮನೆಗೆ ಊಟಕ್ಕೆ ಹೋದ ದಿನ ಅವರ ವಾರದ ಕೂಟ ನಡೆದಿತ್ತು; ಹನುಮಂತದೇವರ ಕಟ್ಟೆಯ ಕೆಳಗೆ ಚಾಪೆ ಹಾಸಿಕೊಂಡು ಕುಳಿತಿದ್ದರು. ದುಡ್ಡಿನ ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಕೀಲಿ ಇನ್ನೊಬ್ಬಳ ಸೆರಗಿನಲ್ಲಿ. ಒಬ್ಬ ಸದಸ್ಯೆ ಮೂರು ವಾರದಿಂದ ದುಡ್ಡು ಕಟ್ಟಿರಲಿಲ್ಲ. ಅದರ ಮೇಲೆ ಜಗಳ ಎದ್ದಿತು. ಎಂಥ ಜಗಳ! “ನಿನ್ನ ಗಂಡ ದವಾಖಾನಿದಾಗ ಇದ್ದಾನಂತ ಮೊದಲೇ ಹೇಳಬೇಕಿಲ್ಲೇನ? ನಾವೇನು ನಿನಗ ಪರದೇಶಿಗಳಾ?” ಎಂದು ಒಬ್ಬಳು ಬೈದಳು. ಬೈಸಿಕೊಂಡವಳೂ ಸುಮ್ಮನಿರಲಿಲ್ಲ, “ನೀ ಯಾವತ್ತಾರ ಬಂದು ಕೇಳೀಯೇನ?” ಎಂದು ತಿರುಗಿ ಬಿದ್ದಳು. ಅರ್ಧ ತಾಸಾದ ಮೇಲೆ ಇಬ್ಬರು ಅವಳ ಪಾಲನ್ನು ತಾವೇ ಕಟ್ಟಿದರು. ಮರುದಿನ ಅವಳ ಹೊಲದ ಕಳೆಗೆ ಯಾರು ಯಾರು ಹೋಗಬೇಕೆಂದು ಹೆಸರು ಹಿಡಿದು ಗೊತ್ತುಮಾಡಿದರು. ಅವಳ ಕಣ್ಣಲ್ಲಿ ನೀರು ಬಂತೋ ಇಲ್ಲವೋ ನಾನು ನೋಡಲಿಲ್ಲ. ಆದರೆ ಅವಳು ಕೈಮುಗಿಯಲಿಲ್ಲವೆಂಬುದನ್ನು ಮಾತ್ರ ಚೆನ್ನಾಗಿ ನೋಡಿದೆ. ಹೆಬ್ಬೆಟ್ಟು ಒತ್ತುವ ಕಾಲ ಹೋಗಿದೆ. ವಹಿಯಲ್ಲಿ ನಿಧಾನವಾಗಿ ಸಹಿ ಮಾಡಿ ಎದ್ದು ಹೋದಳು.

ಉದ್ಧಾರಕರ ಜೊತೆ ಯಾರೂ ಜಗಳವಾಡುವುದಿಲ್ಲ. ಜಗಳವಾಡಬೇಕಾದರೆ ಸಮಾನರಿರಬೇಕು. ನಮ್ಮ ಶಿಬಿರದಲ್ಲಿ ಒಬ್ಬಳೇ ಜಗಳವಾಡಿದ್ದಳು, ಅವಳ ಗುಂಡಿ ಉಳಿಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಲೇಖನ ಸುಖವಾಗಿ ಮುಗಿಯುತ್ತಿತ್ತು. ಆದರೆ ಅದೇ ಊರಿನ ಇನ್ನೊಂದು ಓಣಿಯ ಸುದ್ದಿಯನ್ನು ಅದೇ ಹುಡುಗ ಹೇಳಿದ. ಅಲ್ಲಿಯೂ ಗುಂಪುಗಳಿವೆ, ಆದರೆ ಕೂಡಿಡುವುದಕ್ಕೆ ಹುಟ್ಟಿದವಲ್ಲ, ಸಾಲ ಪಡೆಯುವುದಕ್ಕೆ ಹುಟ್ಟಿದವು. ಯಾವುದೋ ಕಂಪನಿಯ ಹುಡುಗ ಮೋಟಾರ್‌ಸೈಕಲ್ ಮೇಲೆ ಬಂದು ಐದು ಜನ ಹೆಂಗಸರನ್ನು ಕೂಡಿಸಿ, ಒಬ್ಬರಿಗೊಬ್ಬರು ಜಾಮೀನು ಮಾಡಿ, ಆಧಾರ್ ಕಾರ್ಡು ತೆಗೆದುಕೊಂಡು ಹಣ ಕೊಟ್ಟುಹೋದ. ಕಂತು ತಪ್ಪಿದ ದಿನ ಅವನು ಸಾಲಗಾರಳ ಮನೆಗೆ ಹೋಗುವುದಿಲ್ಲ. ಮಿಕ್ಕ ನಾಲ್ವರನ್ನು ಕರೆದು ಅವಳ ಹೊಸ್ತಿಲಲ್ಲಿ ಕೂಡಿಸುತ್ತಾನೆ. ಅವಳು ಕೊಡುವವರೆಗೆ ಅವರೂ ಏಳುವಂತಿಲ್ಲ. ಸಂಜೆಯಾಗುತ್ತದೆ, ಮನೆಯಲ್ಲಿ ಒಲೆ ಹೊತ್ತಿಲ್ಲ, ಮಕ್ಕಳು ಅಳುತ್ತಿವೆ. ನಿನ್ನೆಯವರೆಗೆ ಬಾವಿಯ ಹತ್ತಿರ ಕೊಡ ಎತ್ತಿ ಕೊಟ್ಟವಳೇ ಇಂದು ಅವಳ ಬಾಗಿಲಲ್ಲಿ ಕುಳಿತು, ಅವಳ ತಾಯಿತಂದೆಯನ್ನು ಎತ್ತಿ ಆಡಿದಳಂತೆ. ಇಂಥ ಕಿರುಕುಳ ಅಲ್ಲಲ್ಲಿ ಪ್ರಾಣ ತೆಗೆಯುವ ಮಟ್ಟಕ್ಕೆ ಹೋದದ್ದರಿಂದಲೇ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಸಣ್ಣ ಸಾಲಗಳ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು.

ಎರಡು ಓಣಿಗಳಲ್ಲಿಯೂ ಕೂಡಿದ ಹೆಂಗಸರು ಒಂದೇ ಬಗೆಯವರು. ಎರಡರಲ್ಲಿಯೂ ಒಬ್ಬರಿಗೊಬ್ಬರು ಹೊಣೆ. ಒಂದು ಕಡೆ ಬೈಗುಳ ಮುಗಿದ ಮೇಲೆ ಹೊಲದ ಕಳೆಗೆ ಹೋದರು; ಇನ್ನೊಂದು ಕಡೆ ಬೈಗುಳವೇ ಉಳಿಯಿತು. ಭೇದ ಎಲ್ಲಿದೆ? ಮೊದಲನೆಯದರಲ್ಲಿ ತಪ್ಪಿದವಳನ್ನು ಕೇಳಿದವರು ಅವಳಿಗೆ ಬೇಕಾದವರು. ಅವರು ಯಾರ ಪರವಾಗಿಯೂ ಕೇಳಲಿಲ್ಲ, ತಮ್ಮ ಪರವಾಗಿ ಕೇಳಿದರು. ಎರಡನೆಯದರಲ್ಲಿ ಅವರು ಇನ್ನೊಬ್ಬನ ಕೈಯ ಕೋಲಾದರು. ಮುಯ್ಯಿಯಲ್ಲಿ ನೆರೆಯವಳ ಮೇಲಿದ್ದ ನಂಬಿಗೆಯನ್ನೇ ಅಡವಿಟ್ಟುಕೊಂಡು ಕಂಪನಿ ಉದ್ರಿ ಕೊಟ್ಟಿತು. ಬಡವರಲ್ಲಿ ಅಡವಿಡುವುದಕ್ಕೆ ಹೊಲವಿಲ್ಲ, ಬಂಗಾರವಿಲ್ಲ, ಸ್ನೇಹವಾದರೂ ಇದೆಯಲ್ಲ ಎಂದು ಕಂಡುಹಿಡಿದವನ ಬುದ್ಧಿಗೆ ಬೆರಗಾಗಬೇಕು. ಆದರೆ ಆ ಸ್ನೇಹ ಜಪ್ತಿಯಾದ ಮೇಲೆ ಸಾಲ ತೀರಿದರೂ ಅದು ಮರಳುವುದಿಲ್ಲ. ಒಳ್ಳೆಯ ಉದ್ದೇಶದ ಸಂಸ್ಥೆಗಳೂ, ಸರಕಾರದ ಇಲಾಖೆಗಳೂ ಈ ವಿಷಯದಲ್ಲಿ ಎಚ್ಚರ ತಪ್ಪುವುದುಂಟು. ಗುಂಪುಗಳಿವೆಯಲ್ಲ ಎಂದು ಒಂದು ಯೋಜನೆಯ ಸಮೀಕ್ಷೆಗೂ ಅವರೇ, ಇನ್ನೊಂದರ ಜಾಥಾಕ್ಕೂ ಅವರೇ, ಮಂತ್ರಿಗಳು ಬಂದ ದಿನ ಪೂರ್ಣಕುಂಭ ಹೊರುವುದಕ್ಕೂ ಅವರೇ. ತಮ್ಮ ಕೆಲಸಕ್ಕೆಂದು ಕೂಡಿದವರು ಊರಿಗೆ ಬಂದವರ ಕೆಲಸದಾಳುಗಳಾಗುತ್ತಾರೆ.

ಮುಯ್ಯಿಯನ್ನು ನಾನು ಇಷ್ಟು ಹೊಗಳಿದೆನಲ್ಲ, ಅದಕ್ಕೂ ಒಂದು ಕ್ರೌರ್ಯವಿದೆ. ತಿರುಗಿ ಕೊಡಲಾರದವನನ್ನು ಅದು ಒಳಗೆ ಬಿಡುವುದಿಲ್ಲ. ಹೊಲವಿಲ್ಲದವನು ಮುಯ್ಯಾಳಾಗಿ ಬಂದರೆ ಅವನಿಗೆ ಮುಯ್ಯಿ ತೀರಿಸುವುದು ಯಾವ ಹೊಲದಲ್ಲಿ? ಅವನು ಕೂಲಿಯಾಳೇ ಆಗುತ್ತಾನೆ. ಒಲವಿನಿಂದ ಕೂಡಿದ ಗುಂಪು ಎಂದಾಗ, ಒಲವಿಗೆ ಜಾತಿಯ ಓಣಿ ದಾಟುವ ಶಕ್ತಿ ಎಷ್ಟಿದೆ ಎಂದು ಕೇಳಬೇಕಾಗುತ್ತದೆ. ವಿದ್ಯಾರ್ಥಿಯ ತಾಯಿಯನ್ನು ನಾನು ಕೇಳಿದೆ: “ನಿಮ್ಮ ಗುಂಪಿನಾಗ ಇಲ್ಲದವರು ಯಾರದಾರ ಈ ಓಣ್ಯಾಗ?” ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಹೆಸರು ಹೇಳಿದಳು. ಮಕ್ಕಳಿಲ್ಲದ, ಕಣ್ಣು ಮಂಜಾದ ಒಬ್ಬ ವಿಧವೆ. “ಆಕಿ ವಾರಾ ವಾರಾ ರೊಕ್ಕ ಎಲ್ಲಿಂದ ತರ್ತಾಳ್ರೀ ಸರ್?” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಡವರ ಗುಂಪಿನ ಹೊರಗೆ ಕಡುಬಡವಳೊಬ್ಬಳು ನಿಂತಿದ್ದಳು.

ಮುಯ್ಯಿ ಎಲ್ಲಿ ನಿಂತಿತೋ ಅಲ್ಲಿಂದ ಮುಂದೆ ನಡೆಯುವುದಕ್ಕೆ ನಮ್ಮ ಜಿಲ್ಲೆಯದೇ ಆದ ಒಂದು ಹಳೆಯ ವಿಚಾರವಿದೆ. ಹನ್ನೆರಡನೆಯ ಶತಮಾನದ ಕಲ್ಯಾಣ ಇರುವುದು ಇದೇ ಬೀದರ ಜಿಲ್ಲೆಯಲ್ಲಿ; ಬಸ್ಸಿನ ಹಲಗೆಯ ಮೇಲೆ ಅದರ ಹೆಸರು ದಿನಾಲು ಓದಿ ಓದಿ ನಮಗೆ ಅದು ಬರಿಯ ಒಂದು ಊರಾಗಿದೆ. ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಕಥೆಯನ್ನು ಸಾಮಾನ್ಯವಾಗಿ ನಾವು ಆಸೆಯ ವಿರುದ್ಧ ಬೋಧೆಯಾಗಿ ಪಾಠ ಮಾಡುತ್ತೇವೆ. ನಾನೂ ಇಪ್ಪತ್ತು ವರ್ಷ ಹಾಗೆಯೇ ಪಾಠ ಮಾಡಿದೆ. ಆದರೆ ಇನ್ನೂ ಒಂದು ಮಾತು ಅದರಲ್ಲಿ ಅಡಗಿದೆ. ಅಷ್ಟು ಬಡತನದಲ್ಲಿಯೂ ಆ ಮನೆ ದಾಸೋಹ ನಡೆಸುತ್ತಿತ್ತು. ಕೊಡುವವನು ತಾನು ದಾಸನೆಂದು ತಿಳಿಯುವುದು ದಾಸೋಹ. ಅಲ್ಲಿ ಪಡೆದವನ ಮೇಲೆ ಋಣ ಬೀಳುವುದಿಲ್ಲ, ಕೊಟ್ಟವನು ಎತ್ತರವಾಗುವುದಿಲ್ಲ. ಇಂಥ ಕೊಡುಗೆಯನ್ನು ಸಿರಿವಂತರ ಕೆಲಸವೆಂದು ಬಿಡದೆ, ಅಕ್ಕಿ ಆಯುವವರ ಮನೆಗೆ ತಂದದ್ದು ಕಲ್ಯಾಣದ ವಿಶೇಷ.

ಭಾಲ್ಕಿಯ ಹಿರೇಮಠದಲ್ಲಿ ಈಗ, ತಾಯಿತಂದೆಯರು ಬಿಟ್ಟುಹೋದ ಹಸುಗೂಸುಗಳನ್ನು ತಂದು ಸಾಕುತ್ತಿದ್ದಾರೆ. ತೊಟ್ಟಿಲ ಕೂಸು ಯಾರಿಗೆ ಏನು ಮುಯ್ಯಿ ತೀರಿಸೀತು? ಅದರ ಹೆಸರಲ್ಲಿ ಯಾರ ವಹಿಯಲ್ಲಿ ಉದ್ರಿ ಬರೆಯಬೇಕು? ಮಠಕ್ಕೆ ಪರಂಪರೆಯಿದೆ, ಭಕ್ತರಿದ್ದಾರೆ, ನಡೆಸುತ್ತದೆ ಎನ್ನಬಹುದು. ಹದಿನೈದು ಜನ ಹೆಂಗಸರ ಗುಂಪಿಗೆ ಆ ಮಂಜುಗಣ್ಣಿನ ವಿಧವೆಯನ್ನು ಒಳಗೆ ಕರೆದುಕೊಳ್ಳುವುದು ಇದಕ್ಕಿಂತ ಕಠಿಣ. ಯಾಕೆಂದರೆ ಅವರು ತಮ್ಮ ಮನೆಯ ಜೋಳದಲ್ಲಿಯೇ ಅವಳಿಗೆ ಪಾಲು ಮಾಡಬೇಕು. ಅದರ ಮೇಲೆ ಅವಳನ್ನು ತಮ್ಮ ಸರಿಸಮಾನಳೆಂದು ಚಾಪೆಯ ಮೇಲೆ ಕೂಡಿಸಿ, ಅವಳಿಂದ ಬೈಸಿಕೊಳ್ಳುವುದಕ್ಕೂ ಸಿದ್ಧರಿರಬೇಕು.

ಪೇಟೆಯ ಜನ ನಾವು ಇದನ್ನೆಲ್ಲ ಹಳ್ಳಿಯ ಮಾತೆಂದು ಓದಿ ಬದಿಗಿಡುವ ಸಂಭವವಿದೆ. ಬೀದರ ನಗರದ ಅಂಚಿನಲ್ಲಿ ನೌಬಾದಿನ ಸುರಂಗ ಬಾವಿ ಇದೆ; ಬಹಮನಿ ಸುಲ್ತಾನರ ಕಾಲದ್ದು. ನಮ್ಮ ಕೆಂಪು ಮುರಕಲ್ಲಿನ ಪದರದಲ್ಲಿ ಇಂಗಿದ ಮಳೆನೀರು ಕೆಳಗಿನ ಕರಿಗಲ್ಲಿಗೆ ಬಂದು ತಡೆಯುತ್ತದೆ. ಆ ಸಂದಿನಲ್ಲಿ ಸಣ್ಣ ಇಳಿಜ಼ಾರಿನ ಸುರಂಗ ಕೊರೆದು, ಎರಡು ಕಿಲೋಮೀಟರಿಗೂ ಹೆಚ್ಚು ದೂರ, ರಾಟೆ ಹಗ್ಗಗಳಿಲ್ಲದೆ ನೀರು ತಾನೇ ಹರಿದು ಬರುವಂತೆ ಮಾಡಿದ್ದಾರೆ. ನಡುನಡುವೆ ಗಾಳಿಗಾಗಿ, ಇಳಿದು ಹೂಳು ತೆಗೆಯುವುದಕ್ಕಾಗಿ ಬಾವಿಗಳು. ನಲ್ಲಿ ಬಂದ ಮೇಲೆ ಆ ಬಾವಿಗಳು ನಮ್ಮ ಕಸದ ತೊಟ್ಟಿಗಳಾದವು. ಹತ್ತು ವರ್ಷದ ಹಿಂದಿನ ಬರದಲ್ಲಿ ನಗರದ ಕೆಲವು ತರುಣರು ಹಳೆಯ ಬಾವಿಗಳನ್ನು ಹುಡುಕಿ ಅಳೆದು ನಕಾಶೆ ಬರೆದರು. ಜಿಲ್ಲಾಡಳಿತ ಹೂಳು ತೆಗೆಸಿತು. ಪತ್ರಿಕೆಗಳಲ್ಲಿ ಚಿತ್ರ ಬಂದವು. ನಾನೂ ಒಂದು ಭಾನುವಾರ ಹೋಗಿ ನೋಡಿ ಬಂದೆ, ಮೆಚ್ಚಿದೆ. ಹೂಳು ಪ್ರತಿ ಮಳೆಗಾಲಕ್ಕೂ ಬರುತ್ತದೆ. ಮುಂದಿನ ಸಲ ಇಳಿಯುವ ಸರದಿ ಯಾರದು ಎಂದು ನಮ್ಮ ಓಣಿಯಲ್ಲಿ ಇನ್ನೂ ಯಾರೂ ಯಾರ ಜೊತೆಗೂ ಜಗಳವಾಡಿಲ್ಲ. ನನ್ನ ಪಕ್ಕದ ಮನೆಯವರ ಹೆಸರು ನನಗೆ ಗೊತ್ತಿದೆ. ಅವರ ಮನೆಯ ಒಲೆ ಗೊತ್ತಿಲ್ಲ.

ಔರಾದದ ಆ ಹಳ್ಳಿಗೆ ಕಳೆದ ಜನವರಿಯಲ್ಲಿ ಮತ್ತೆ ಶಿಬಿರ ಹೋಯಿತು. ಈ ಸಲ ಮುಂಚಿತವಾಗಿಯೇ ಹೋಗಿ, ಹಿರಿಯರನ್ನಲ್ಲದೆ ಕಟ್ಟೆಯ ಆ ಅಜ್ಜಿಯನ್ನೂ ಕಂಡೆ. ಯಾವ ಕೆಲಸ ಮಾಡೋಣ ಎಂದು ಕೇಳಿದೆ. ಆಕೆ ಗುಂಡಿಯ ಮಾತೆತ್ತಲಿಲ್ಲ. “ತೊಗರಿ ರಾಶಿ ಅದಾವ ತಮ್ಮಾ, ಆಳು ಸಿಗಲ್ಲ. ನಿಮ್ಮ ಹುಡುಗ್ರಿಗಿ ಕಸುವು ಇದ್ರ ಕಳಸ್ರಿ. ಊಟ ನಮ್ದು” ಎಂದಳು.

ಇದು ಸೇವೆಯ ಪಟ್ಟಿಯಲ್ಲಿ ಬರುವ ಕೆಲಸವಲ್ಲವೆಂದು ವರದಿ ಬರೆಯುವಾಗ ನನಗೆ ತೊಂದರೆಯಾಯಿತು. ಆದರೂ ಹೋದೆವು. ಹುಡುಗರಿಗೆ ಸರಿಯಾಗಿ ಬಡಿಯಲು ಬರುತ್ತಿರಲಿಲ್ಲ; ಹೆಂಗಸರು ನಕ್ಕು ನಕ್ಕು ಕಲಿಸಿದರು. ಮಧ್ಯಾಹ್ನ ಕಣದಲ್ಲಿಯೇ ಜೋಳದ ರೊಟ್ಟಿ, ಪುಂಡಿಪಲ್ಲೆ. ಏಳನೆಯ ದಿನ ಹಾರವಿರಲಿಲ್ಲ, ಭಾಷಣವನ್ನೂ ಯಾರೂ ಕೇಳಲಿಲ್ಲ. ಹೊರಡುವಾಗ ಅಜ್ಜಿ ತನ್ನ ಮೊಮ್ಮಗಳನ್ನು ಕರೆದು ಗೋಡೆಯ ಮೇಲೆ ಇದ್ದಲಿಯಿಂದ ಗೆರೆ ಎಳೆಸಿದಳು. ನಮ್ಮ ಹುಡುಗರು ದುಡಿದ ದಿನಕ್ಕೆ ಒಂದರಂತೆ ಏಳು ಗೆರೆ. ಇದೇನೆಂದು ಕೇಳಿದೆ.

“ನಿಮ್ಮ ಸಾಲ್ಯಾಗ ಏನಾರ ಕೆಲಸ ಇದ್ರ ಹೇಳಿ ಕಳಸ್ರಿ. ನಾವೂ ಬರಬೇಕಲ್ಲ?” ಎಂದಳು.

ಮಳೆಗಾಲಕ್ಕೆ ಮೊದಲು ಕಾಲೇಜಿನ ಹಿಂದಿನ ಬಯಲಿನಲ್ಲಿ ಗಿಡ ಹಚ್ಚುವುದಿದೆ. ಅವರನ್ನು ಕರೆಯಲೇ ಎಂದು ಸಹೋದ್ಯೋಗಿಗಳ ಮುಂದೆ ಹೇಳಿದಾಗ ಅವರು ನಕ್ಕರು. ಪತ್ರವನ್ನು ಬರೆದಿಟ್ಟಿದ್ದೇನೆ, ಇನ್ನೂ ಕಳಿಸಿಲ್ಲ.